ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಗಾಡಿ ತಗೊಳ್ಳಲೋ, ಬೇಡವೋ?

ಕೆಸರುದಾರಿ:
ಎಲ್ಲರಿಗೂ ನಮಸ್ಕಾರ. ಒಂದು ಹಳೇ ಫೋರ್ ವೀಲ್ ಡ್ರೈವ್ ಗಾಡಿ ನೋಡಿ ಬಂದಿದ್ದೇನೆ. ತಗೊಳ್ಳಲೋ ಬೇಡವೋ ಎಂದು ಮೂರು ವಾರದಿಂದ ತೀರ್ಮಾನವೇ ಆಗುತ್ತಿಲ್ಲ.

ಗಾಡಿಗೆ 11 ವರ್ಷ. ಡೀಸೆಲ್, ಮ್ಯಾನುವಲ್ ಗೇರ್. ಮೀಟರಿನಲ್ಲಿ 1,40,000 ಕಿ.ಮೀ. ತೋರಿಸುತ್ತಿದೆ. ಗೇರ್ ಲಿವರ್ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್ ಇದೆ, 2ಎಚ್ (ಎರಡೇ ಚಕ್ರ), 4ಎಚ್ (ನಾಲ್ಕೂ ಚಕ್ರ), 4ಎಲ್ (ನಾಲ್ಕೂ ಚಕ್ರ, ನಿಧಾನಕ್ಕೆ) ಎಂದು ಬರೆದಿದೆ. ಟೈರ್ ಹೊಸದು. ಕೆಳಗಡೆ ಎಲ್ಲಾ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದಾರೆ, ನೋಡಲು ಚೆನ್ನಾಗಿದೆ. ಮಾರುವವರು ಪರಿಚಯದವರ ಪರಿಚಯ, ಹಾಗಾಗಿ ಮಾಡೆಲ್ ಹೆಸರು ಇಲ್ಲಿ ಹಾಕುತ್ತಿಲ್ಲ.

ನನ್ನ ಅಗತ್ಯ ಇಷ್ಟು. ಅಮ್ಮ ಇರುವ ಮನೆಗೆ ಟಾರು ರಸ್ತೆಯಿಂದ 3 ಕಿ.ಮೀ. ಮಣ್ಣಿನ ದಾರಿ. ಕೊನೆಯ ಅರ್ಧ ಕಿಲೋಮೀಟರ್ ಬರೀ ಏರು. ಮಳೆ ಬಂದರೆ ನನ್ನ ಈಗಿನ ಚಿಕ್ಕ ಕಾರು ಏರಿನ ಬುಡದಲ್ಲೇ ನಿಂತುಬಿಡುತ್ತದೆ. ಹೋದ ಮಳೆಗಾಲದಲ್ಲಿ ನಾಲ್ಕು ಸಲ ಕಾರು ಕೆಳಗೆ ಬಿಟ್ಟು, ಅಮ್ಮನ ಮಾತ್ರೆ ಹಿಡಿದು ನಡೆದು ಹತ್ತಿದ್ದೇನೆ. ಉಳಿದ ದಿನ ಪೇಟೆಯಲ್ಲಿ ಆಫೀಸಿಗೆ ಹೋಗಿಬರಲು 25 ಕಿ.ಮೀ. ಓಡಾಟ. ಹೆಂಡತಿ ಹೇಳುವುದು, ಇಷ್ಟಕ್ಕೆ ಅಷ್ಟು ದೊಡ್ಡ ಗಾಡಿ ಯಾಕೆ, ಇರುವ ಕಾರಿಗೆ ಒಳ್ಳೇ ಟೈರ್ ಹಾಕಿಸಿ ಎಂದು. ನೀವೇನು ಹೇಳುತ್ತೀರಿ?

ಪೇಟೆಸವಾರ:
ಮನೆಯವರು ಹೇಳಿದ್ದೇ ಸರಿ. ವರ್ಷಕ್ಕೆ ಎಷ್ಟು ದಿನ ಆ ಏರು ಹತ್ತುತ್ತೀರಿ, ಲೆಕ್ಕ ಹಾಕಿ. ಉಳಿದ ದಿನವೆಲ್ಲಾ ಆ ಭಾರವನ್ನು ಪೇಟೆಯಲ್ಲಿ ಎಳೆದುಕೊಂಡು ಓಡಾಡಬೇಕು. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಪಾರ್ಕಿಂಗ್ ಕಷ್ಟ, ಟೈರ್ ದುಬಾರಿ.

ಗ್ರೀಸ್‌ಕೈ:
20 ವರ್ಷದಿಂದ ಗ್ಯಾರೇಜ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪೋಸ್ಟಿನಲ್ಲಿ ನನಗೆ ಕಂಡಿದ್ದು ಒಂದೇ ಮಾತು: ಹೊಸ ಕಪ್ಪು ಬಣ್ಣ. 11 ವರ್ಷದ ಗಾಡಿಯ ಹೊಟ್ಟೆ ಮಿರಮಿರ ಮಿಂಚಬಾರದು. ಕೆಲವರು ಗಾಡಿ ಚೆನ್ನಾಗಿರಲಿ ಎಂದೇ ಹೊಡೆಸುತ್ತಾರೆ, ಇಲ್ಲ ಎನ್ನುವುದಿಲ್ಲ. ಆದರೆ ಮಾರುವ ಮುಂಚೆ ಹೊಡೆಸಿದ್ದಾರೆ ಅಂದರೆ ಅದರ ಹಿಂದೆ ಏನಿದೆ ಎಂದು ನೋಡಲೇಬೇಕು.

ಸಣ್ಣ ಸುತ್ತಿಗೆ ತಗೊಂಡು ಹೋಗಿ. ಚಾಸಿ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಠಣ್ ಅಂದರೆ ಕಬ್ಬಿಣ ಗಟ್ಟಿ. ದೊಪ್ ಅಂದರೆ ಒಳಗೆ ತುಕ್ಕು ಪದರ ಪದರವಾಗಿದೆ. ಹಿಂದಿನ ಆಕ್ಸಲ್ ಮೇಲಿನ ಬಾಗಿದ ಜಾಗ, ಸ್ಪ್ರಿಂಗ್ ಕೂರುವ ಜಾಗ, ಬಾಡಿ ಬೋಲ್ಟ್ ಸುತ್ತ. ಚಾಸಿ ಒಳಗೆ ಟೊಳ್ಳು, ಮಣ್ಣು ಕೂತು ಒಳಗಿನಿಂದಲೇ ತಿನ್ನುತ್ತದೆ. ಹೊರಗಿನ ಬಣ್ಣ ಅದನ್ನು ಹೇಳುವುದಿಲ್ಲ.

ಲೋಗೇರ್:
ಪೇಟೆಸವಾರ ಅವರೇ, ಟೈರ್ ಬದಲಿಸಿದರೆ ಸಾಕು ಎನ್ನುವುದು ಸಮತಟ್ಟು ಕೆಸರಿಗೆ ಸರಿ. ಇವರು ಹೇಳುತ್ತಿರುವುದು ಏರು. ಚಿಕ್ಕ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಚಕ್ರ ಹಗುರವಾಗಿ ಸುಮ್ನೆ ತಿರುಗುತ್ತದೆ. ಎಂಥ ಟೈರ್ ಹಾಕಿದರೂ ಒಂದು ಹಂತ ದಾಟಿದ ಮೇಲೆ ಹಿಡಿತ ಸಿಗುವುದಿಲ್ಲ. ಈ ಮನುಷ್ಯ ಔಷಧಿ ಹಿಡಿದು ನಡೆದುಕೊಂಡು ಹೋಗಿದ್ದಾರೆ ಗುರು. ಇದು ಶೋಕಿ ಅಲ್ಲ.

ಪೇಟೆಸವಾರ:
ಶೋಕಿ ಎಂದು ನಾನು ಹೇಳಲಿಲ್ಲ. ಖರ್ಚು ಹೇಳಿದೆ.

ಎರಡನೇಕೈ:
ಒಂದು ಪ್ರಶ್ನೆ. ಈಗ ಬರುವ ಆಲ್ ವೀಲ್ ಡ್ರೈವ್ ಕಾರುಗಳು ಸಾಲುವುದಿಲ್ಲವಾ? ಪೇಟೆಗೂ ಆಗುತ್ತೆ, ಏರಿಗೂ ಆಗುತ್ತೆ.

ಲೋಗೇರ್:
ಸಾಲಬಹುದು. ಆದರೆ ವ್ಯತ್ಯಾಸ ತಿಳಿದುಕೊಂಡು ತಗೊಳ್ಳಬೇಕು. ಆ ತರಹದ ಹೆಚ್ಚಿನ ಕಾರುಗಳು ಸಾಮಾನ್ಯವಾಗಿ ಮುಂದಿನ ಚಕ್ರದಲ್ಲೇ ಓಡುತ್ತವೆ. ಮುಂದಿನದು ಜಾರಿದಾಗ ನಡುವಿನ ಕ್ಲಚ್ ಹಿಡಿದು ಹಿಂದಕ್ಕೆ ಬಲ ಕೊಡುತ್ತದೆ. ಮಳೆ ರಸ್ತೆಗೆ, ಸಣ್ಣ ಕೆಸರಿಗೆ ಚೆನ್ನ. ತುಂಬಾ ಹೊತ್ತು ಜಾರುತ್ತಾ ಇದ್ದರೆ ಆ ಕ್ಲಚ್ ಬಿಸಿಯಾಗಿ ಕೈಬಿಡುತ್ತದೆ. ಲೋ ರೇಂಜ್, ಅಂದರೆ ವೇಗ ಇಳಿಸಿ ಬಲ ಏರಿಸುವ ಗೇರು, ಬಹುತೇಕ ಯಾವುದರಲ್ಲೂ ಇರುವುದಿಲ್ಲ.

ಇವರು ನೋಡಿರುವುದು ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ನಾಲ್ಕು ಚಕ್ರ ಎಳೆಯುವಂಥದ್ದು. 4ಎಚ್ ಹಾಕಿದರೆ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. 4ಎಲ್ ಹಾಕಿದರೆ ಅದರ ಜೊತೆಗೆ ವೇಗ ಇಳಿದು ಬಲ ಏರುತ್ತದೆ. ಎಷ್ಟು ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಜೀಪ್ ರಾಂಗ್ಲರ್ ರುಬಿಕಾನ್‌ನಲ್ಲಿ 4 ಪಟ್ಟು, ಸಾಧಾರಣ ರಾಂಗ್ಲರ್‌ನಲ್ಲಿ 2.72 ಪಟ್ಟು.

ಇನ್ನೊಂದು, ಯಾರೂ ಹೇಳದ ಮಾತು. 4ಎಲ್ ಬೆಲೆ ಗೊತ್ತಾಗುವುದು ಇಳಿಯುವಾಗ. ಮೊದಲ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ಒತ್ತಿ ಜಾರುವ ಭಯ ಇರುವುದಿಲ್ಲ. ಅಮ್ಮನನ್ನು ಕೂರಿಸಿಕೊಂಡು ಕೆಸರಿಳಿಜಾರು ಇಳಿಯುವಾಗ ಅದು ಬೇಕು.

ಸದಾ4ಎಚ್:
ನಾನು ಮಾತ್ರ ವರ್ಷಪೂರ್ತಿ ಟಾರು ರಸ್ತೆಯಲ್ಲೂ 4ಎಚ್‌ನಲ್ಲೇ ಓಡಿಸುತ್ತೇನೆ. ಹಿಡಿತ ಚೆನ್ನಾಗಿರುತ್ತದೆ. ಆರು ವರ್ಷ ಆಯಿತು, ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಗ್ರೀಸ್‌ಕೈ:
ಅಣ್ಣ, ದಯವಿಟ್ಟು ಇದನ್ನು ಓದಿ ಇನ್ಯಾರೂ ಹಾಗೆ ಮಾಡದಿರಲಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನ ಚಕ್ರಗಳಿಗಿಂತ ದೊಡ್ಡ ಸುತ್ತು ಹೋಗುತ್ತವೆ. ಎರಡೂ ಶಾಫ್ಟ್ ಬಿಗಿದುಕೊಂಡಿದ್ದರೆ ಆ ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಮಣ್ಣಿನಲ್ಲಾದರೆ ಟೈರ್ ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲು ಆಗದೆ ಶಾಫ್ಟು, ಗೇರು, ಶಾಫ್ಟಿನ ಕೀಲಾದ ಕ್ರಾಸು ಎಲ್ಲಾ ತಿರುಚಿಕೊಳ್ಳುತ್ತವೆ. ಸ್ಟೇರಿಂಗ್ ಭಾರ ಆಗುತ್ತದೆ, ಗಾಡಿ ಹಿಡಿದಿಟ್ಟಂತೆ ಆಗುತ್ತದೆ, ಲಿವರ್ 2ಎಚ್‌ಗೆ ಬರುವುದೇ ಇಲ್ಲ. ಹಾಗೆ ಸಿಕ್ಕಿಕೊಂಡರೆ ನೇರವಾಗಿ ಸ್ವಲ್ಪ ರಿವರ್ಸ್ ತೆಗೆದರೆ ಬಿಗಿ ಬಿಡುತ್ತದೆ.

ಸದಾ4ಎಚ್:
ನನ್ನದರಲ್ಲಿ ಹಾಗೆ ಒಂದು ಸಲವೂ ಆಗಿಲ್ಲ. ಲಿವರಿನಲ್ಲಿ 2ಎಚ್, 4ಎಚ್, 4ಎಚ್‌ಎಲ್‌ಸಿ, 4ಎಲ್‌ಎಲ್‌ಸಿ ಎಂದು ನಾಲ್ಕು ಇದೆ.

ಗ್ರೀಸ್‌ಕೈ:
ಅಲ್ಲಿದೆ ಉತ್ತರ. ನಿಮ್ಮದು ಮಿತ್ಸುಬಿಷಿಯ ಸೂಪರ್ ಸೆಲೆಕ್ಟ್. 1991ರ ಪಜೆರೋದಲ್ಲಿ ಬಂದಿದ್ದು. ಅದರ ನಡುವೆ ಒಂದು ಡಿಫರೆನ್ಷಿಯಲ್ (ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇದೆ, ಹಾಗಾಗಿ 4ಎಚ್‌ನಲ್ಲಿ ಟಾರಿನ ಮೇಲೂ ಓಡಿಸಬಹುದು. ನಡುವಿನದು ಬಿಗಿಯುವುದು 4ಎಲ್‌ಎಲ್‌ಸಿ ಅಥವಾ 4ಎಚ್‌ಎಲ್‌ಸಿ ಹಾಕಿದಾಗ ಮಾತ್ರ. ನೀವು ಮಾಡುತ್ತಿರುವುದು ತಪ್ಪಲ್ಲ, ಆದರೆ ಕೆಸರುದಾರಿ ಅವರ ಗಾಡಿಗೆ ಅದು ಅನ್ವಯಿಸುವುದಿಲ್ಲ.

ಸದಾ4ಎಚ್:
ಸರಿ, ಇದು ನನಗೆ ಗೊತ್ತಿರಲಿಲ್ಲ. ನನ್ನ ಮಾತು ಹಿಂದಕ್ಕೆ ತಗೊಳ್ಳುತ್ತೇನೆ. ಕೆಸರುದಾರಿ ಅವರೇ, ಹಾಗೆ ಓಡಿಸಬೇಡಿ.

ಹಳೇಫೋಟೋ:
ಏನೇ ಹೇಳಿ, ಫೋರ್ ವೀಲ್ ಡ್ರೈವ್ ಎಂದರೆ ಜೀಪು. 1941ರಲ್ಲಿ ಯುದ್ಧಕ್ಕೆಂದು ವಿಲ್ಲೀಸ್ ಕಂಪನಿ ಮಾಡಿದ್ದು. ಜಗತ್ತಿಗೆ ನಾಲ್ಕು ಚಕ್ರ ಎಳೆಯುವ ಗಾಡಿ ಕೊಟ್ಟಿದ್ದೇ ಅದು.

ಎರಡನೇಕೈ:
ಜನಕ್ಕೆ ಪರಿಚಯ ಮಾಡಿದ್ದು ಜೀಪು, ಒಪ್ಪುತ್ತೇನೆ. ಆದರೆ ಮೊದಲನೆಯದಲ್ಲ. 1903ರಲ್ಲೇ ನೆದರ್‌ಲ್ಯಾಂಡ್ಸಿನ ಸ್ಪೈಕರ್ ಕಂಪನಿ ನಾಲ್ಕೂ ಚಕ್ರ ಎಳೆಯುವ ಪೆಟ್ರೋಲ್ ಕಾರು ಮಾಡಿತ್ತು. ಅದೂ ರೇಸಿಗೆ.

ಹಳೇಫೋಟೋ:
1903? ನಾನು ಅದನ್ನು ಕೇಳಿಯೇ ಇರಲಿಲ್ಲ. ಲ್ಯಾಂಡ್ ರೋವರ್ 1948, ಅದು ಗೊತ್ತು. ರಷ್ಯಾದ ಲಾಡಾ ನೀವಾ 1977ರಲ್ಲಿ ಬಂತು, ಪುಟಾಣಿ ಗಾಡಿ, ಚಾಸಿ ಬೇರೆ ಇಲ್ಲ, ಆದರೂ ಸದಾ ನಾಲ್ಕು ಚಕ್ರ ಎಳೆಯುತ್ತಿತ್ತು. ಚಿಕ್ಕ ಗಾಡಿಯಲ್ಲೂ ಇದೆಲ್ಲಾ ಸಾಧ್ಯ ಎನ್ನುವುದಕ್ಕೆ ಹೇಳಿದೆ.

ಮಳೆಹನಿ:
ಇತಿಹಾಸ ಆಮೇಲೆ ಮಾತಾಡೋಣ, ಮೊದಲು ಇವರು ಮೋಸ ಹೋಗದಿರಲಿ. ನನ್ನ ಅನುಭವ ಹೇಳುತ್ತೇನೆ.

ಮೂರು ವರ್ಷದ ಹಿಂದೆ ನಾನೂ ಹಳೇ ಫೋರ್ ವೀಲ್ ಡ್ರೈವ್ ತಗೊಂಡೆ. ಯಾವ ಕಂಪನಿ ಎಂದು ಬೇಡ. ಮಾರುವವರು ಲಿವರ್ ಹಾಕಿ ತೋರಿಸಿದರು. ಮೀಟರ್ ಪಕ್ಕದಲ್ಲಿ ಹಸಿರು ದೀಪ ಹತ್ತಿತು. ನೋಡಿ ಮೇಡಂ, ಕೆಲಸ ಮಾಡುತ್ತಿದೆ ಎಂದರು. ನಾನು ನಂಬಿದೆ. ಟಾರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ಅಡ್ವಾನ್ಸ್ ಕೊಟ್ಟೆ.

ಮೊದಲ ಮಳೆಗೆ ಕೆಸರಿನಲ್ಲಿ ಸಿಕ್ಕಿಕೊಂಡೆ. ದೀಪ ಉರಿಯುತ್ತಲೇ ಇತ್ತು. ಹಿಂದಿನ ಚಕ್ರ ಗರಗರ ತಿರುಗುತ್ತಿತ್ತು. ನನ್ನ ತಂಗಿ ಇಳಿದು ನೋಡಿ, ಅಕ್ಕಾ, ಮುಂದಿನ ಚಕ್ರ ಅಲ್ಲಾಡುತ್ತಲೇ ಇಲ್ಲ ಎಂದಳು. ಆ ಕ್ಷಣ ಹೊಟ್ಟೆಯಲ್ಲಿ ಆದ ಸಂಕಟ ಈಗಲೂ ನೆನಪಿದೆ. ಕತ್ತಲಾಗಿತ್ತು, ಚಿಕ್ಕ ಮಗು ಜೊತೆಯಲ್ಲಿತ್ತು. ಮುಂದಿನ ಹಬ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಒಡೆದಿತ್ತಂತೆ. ಹಬ್ ಎಂದರೆ ಚಕ್ರವನ್ನು ಶಾಫ್ಟಿಗೆ ಸೇರಿಸುವ ನಡುಭಾಗ. ದೀಪ ಹತ್ತಿದರೆ ಒಳಗಿನ ಗೇರು ಹಾಕಿಕೊಂಡಿದೆ ಎಂದಷ್ಟೇ ಅರ್ಥ. ಹಬ್ ಹಿಡಿದುಕೊಂಡಿದೆ ಎಂದಲ್ಲ. ಪೈಪು ಸಣ್ಣದು, ಆದರೆ ತೊಂದರೆ ಯಾವುದು ಎಂದು ಹುಡುಕಲು ಒಂದು ತಿಂಗಳು ಗ್ಯಾರೇಜಿಗೆ ಅಲೆದೆ.

ದೀಪ ನೋಡಿ ತಗೊಳ್ಳಬೇಡಿ. ಚಕ್ರ ನೋಡಿ ತಗೊಳ್ಳಿ.

ಕೆಸರುದಾರಿ:
ಮಳೆಹನಿ ಅಕ್ಕಾ, ತುಂಬಾ ಥ್ಯಾಂಕ್ಸ್. ನನಗೂ ಅವರು ದೀಪವನ್ನೇ ತೋರಿಸಿದ್ದು. ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ?

ಗ್ರೀಸ್‌ಕೈ:
ಸಡಿಲ ಮಣ್ಣು ಅಥವಾ ಜಲ್ಲಿ ಇರುವ ಜಾಗಕ್ಕೆ ಹೋಗಿ. 4ಎಲ್ ಹಾಕಿ, ಮೊದಲ ಗೇರಿನಲ್ಲಿ ಏರಿಗೆ ಮುಖ ಮಾಡಿ ಹೊರಡಿ. ಇನ್ನೊಬ್ಬರು ಹೊರಗೆ, ದೂರದಲ್ಲಿ ಪಕ್ಕಕ್ಕೆ ನಿಂತು ಮುಂದಿನ ಚಕ್ರ ಮಣ್ಣು ಕೆದಕುತ್ತಾ ಎಂದು ನೋಡಬೇಕು. 4ಎಲ್‌ಗೆ ಹಾಕುವಾಗ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್ ಮಾಡಿ, ಆಮೇಲೆ ಲಿವರ್ ಎಳೆಯಿರಿ.

ಕೈಯಲ್ಲಿ ತಿರುಗಿಸಿ ಲಾಕ್ ಮಾಡುವ ಹಬ್ ಇದ್ದರೆ ಇನ್ನೂ ಸುಲಭ. ಸಮತಟ್ಟು ನೆಲದಲ್ಲಿ ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಮಿಕ್ಕ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರಿನಲ್ಲಿ ಬಿಟ್ಟು ಒಂದು ಮುಂದಿನ ಚಕ್ರ ಜ್ಯಾಕ್ ಹಾಕಿ ಎತ್ತಿ. ಹಬ್ ಬಿಟ್ಟಿದ್ದಾಗ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಎರಡೂ ಹಬ್ ಲಾಕ್ ಮಾಡಿ 4ಎಚ್ ಹಾಕಿದರೆ ತಿರುಗಬಾರದು. ಸ್ವಲ್ಪ ಅಲ್ಲಾಡುವುದು ಸಹಜ. ಗಾಡಿ ಕೆಳಗೆ ಮಾತ್ರ ಯಾರೂ ತೂರಬೇಡಿ.

ಮುಖ್ಯವಾದದ್ದು ಆಯಿಲ್. ಇಂಜಿನ್ ಬಿಟ್ಟು ನಾಲ್ಕು ಕಡೆ ಆಯಿಲ್ ಇರುತ್ತದೆ: ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ), ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಆಯಿಲ್ ಹಾಕುವ ನಟ್ ತೆಗೆಸಿ, ಬೆರಳು ಅದ್ದಿ ನೋಡಿ. ಹಾಲು ಕಲಸಿದ ಬಣ್ಣ ಇದ್ದರೆ ನೀರು ಸೇರಿದೆ. ಕೆಳಗಿನ ನಟ್‌ಗೆ ಮ್ಯಾಗ್ನೆಟ್ ಇದ್ದರೆ ಅದರ ಮೇಲೆ ನುಣ್ಣನೆ ಬೂದಿಯಂಥ ಪುಡಿ ಇರುವುದು ಸಹಜ. ಕಬ್ಬಿಣದ ಚೂರು ಸಿಕ್ಕರೆ ಆ ಗಾಡಿ ಬಿಟ್ಟು ಬನ್ನಿ.

ಲೆಕ್ಕದಪುಸ್ತಕ:
ಮೀಟರ್ ಓದಿ ನಂಬಬೇಡಿ. ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಅಂಚು, ಸ್ಟೇರಿಂಗ್ ಸವೆತ ನೋಡಿ. ಸರ್ವಿಸ್ ಪುಸ್ತಕದಲ್ಲಿ ಕಿಲೋಮೀಟರು ವರ್ಷದಿಂದ ವರ್ಷಕ್ಕೆ ಏರಿದೆಯಾ ನೋಡಿ. ಚಾಸಿ ನಂಬರ್ 17 ಅಕ್ಷರ ಇರುತ್ತದೆ, ದಾಖಲೆಯ ಜೊತೆ ಒಂದೊಂದೇ ಅಕ್ಷರ ತಾಳೆ ಹಾಕಿ. ಸಾಲ ಬಾಕಿ ಇದೆಯಾ ಕೇಳಿ.

ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ. ನೆರೆ ನೀರಿನಲ್ಲಿ ಮುಳುಗಿದ ಗಾಡಿಯಾದರೆ ಒಳಗಿನ ಭಾಗದಲ್ಲಿ ಮಣ್ಣಿನ ಕಲೆ ಇರುತ್ತದೆ. ಸೀಟಿನ ಕೆಳಗಿನ ಕಂಬಿ ತುಕ್ಕು ಹಿಡಿದಿದ್ದರೂ ಅನುಮಾನ ಪಡಬೇಕು.

ಇದೆಲ್ಲಾ ಸರಿಯಿದ್ದರೂ ಬೆಲೆಯ ಹತ್ತರಲ್ಲಿ ಎರಡು ಪಾಲಿನಷ್ಟು ದುಡ್ಡು ಬೇರೆ ಎತ್ತಿಡಿ. ಹಳೇ ಗಾಡಿ ಮೊದಲ ವರ್ಷ ಏನಾದರೂ ಕೇಳಿಯೇ ಕೇಳುತ್ತದೆ. ಇದು ನನ್ನ ರೂಢಿ. ಅದು ಎತ್ತಿಡಲು ಆಗದಿದ್ದರೆ ಆ ಗಾಡಿ ನಮ್ಮ ಕೈಗೆ ಮೀರಿದ್ದು ಎಂದೇ ತಿಳಿಯುತ್ತೇನೆ.

ಹೊಸಚಾಲಕ:
ನನಗೆ ಮಳೆಯಲ್ಲಿ ಓಡಿಸಲು ಭಯ. ಫೋರ್ ವೀಲ್ ಡ್ರೈವ್ ಆದರೆ ಬ್ರೇಕ್ ಕೂಡ ಚೆನ್ನಾಗಿ ಹಿಡಿಯುತ್ತೆ ಅಲ್ವಾ?

ಲೋಗೇರ್:
ಇಲ್ಲ. ಹೊರಡಲು, ಹತ್ತಲು ಸಹಾಯ ಮಾಡುತ್ತದೆ. ನಿಲ್ಲಿಸಲು ಮಾಡುವುದಿಲ್ಲ. ಬ್ರೇಕ್ ಎಲ್ಲಾ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಹಿಡಿತ ಬರುವುದು ಟೈರಿನಿಂದ. ಭಾರದ ಗಾಡಿ, ಒರಟು ಟೈರ್ ಆದರೆ ಒದ್ದೆ ರಸ್ತೆಯಲ್ಲಿ ಇನ್ನೂ ದೂರ ಹೋಗಿ ನಿಲ್ಲಬಹುದು. ದಯವಿಟ್ಟು ನಿಧಾನ ಓಡಿಸಿ.

ಮಣ್ಣಿನಮನೆ:
ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ. ಗಾಡಿ ಬದಲಿಸುವ ಬದಲು ಆ ಅರ್ಧ ಕಿಲೋಮೀಟರ್ ದಾರಿಯನ್ನೇ ಸರಿ ಮಾಡಿಸಬಾರದಾ? ಏರು ದಾರಿ ಕೆಡುವುದು ನೀರು ದಾರಿಯ ಮೇಲೇ ಹರಿಯುವುದರಿಂದ. ಪಕ್ಕದಲ್ಲಿ ಚರಂಡಿ ತೆಗೆದು, ಅಲ್ಲಲ್ಲಿ ಅಡ್ಡ ಕಾಲುವೆ ಕೊಟ್ಟು ನೀರು ಹೊರಗೆ ಬಿಟ್ಟು, ಚಕ್ರ ಹೋಗುವ ಎರಡು ಪಟ್ಟಿಗೆ ಮಾತ್ರ ಕಲ್ಲು ಕೂರಿಸಿದರೆ ಚಿಕ್ಕ ಕಾರೂ ಹತ್ತುತ್ತದೆ. ನಮ್ಮ ಮನೆ ದಾರಿಗೆ ಹಾಗೇ ಮಾಡಿದೆವು. ಆಂಬುಲೆನ್ಸ್ ಬರಬೇಕಾದರೂ ದಾರಿ ಬೇಕಲ್ವಾ? ಅದಕ್ಕೆ ನಿಮ್ಮ ಗಾಡಿ ಉಪಯೋಗಕ್ಕೆ ಬರುವುದಿಲ್ಲ.

ಪೇಟೆಸವಾರ:
ಈ ಇಡೀ ಚರ್ಚೆಯಲ್ಲಿ ಇದೇ ಒಳ್ಳೇ ಮಾತು.

ಕೆಸರುದಾರಿ:
ಆಂಬುಲೆನ್ಸ್ ಮಾತು ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ನಾನು ಅದನ್ನು ಯೋಚಿಸಿರಲಿಲ್ಲ. ಆದರೆ ಆ ದಾರಿ ಐದು ಮನೆಗೆ ಸೇರಿದ್ದು. ಇಬ್ಬರು ಒಪ್ಪಬಹುದು, ಒಬ್ಬರು ತಮ್ಮ ಜಾಗದಲ್ಲಿ ಚರಂಡಿ ಬೇಡ ಎನ್ನುತ್ತಾರೆ. ಕೇಳಿ ನೋಡುತ್ತೇನೆ. ಅದು ಆಗುವವರೆಗೆ ಅಮ್ಮ ಕಾಯಲು ಆಗುವುದಿಲ್ಲ, ಹಾಗಾಗಿ ಗಾಡಿ ನೋಡುವುದು ನಿಲ್ಲಿಸುವುದಿಲ್ಲ. ನಾಳೆ ಮತ್ತೆ ಹೋಗುತ್ತಿದ್ದೇನೆ.

ಗ್ರೀಸ್‌ಕೈ:
ನೀವು ಹೋಗುವ ಮುಂಚೆ ಇಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಏನೋ ತೊಂದರೆ ಇದೆ ಎಂದು ಅನುಮಾನ ಪಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ರೇಡಿಯೇಟರ್ ನೀರು ಒಳಗೆ ಸೇರುತ್ತಿರಬಹುದು. ಆಯಿಲ್ ಮುಚ್ಚಳ ತೆಗೆದಾಗ ಅಲ್ಲಿಂದ ಬುಸ್ ಬುಸ್ ಎಂದು ಹೊಗೆ ಜೋರಾಗಿ ತಳ್ಳುತ್ತಿದ್ದರೆ ಬ್ಯಾಕ್ ಕಂಪ್ರೆಷನ್, ಇಂಜಿನ್ ಸವೆದಿದೆ.

ಕೆಸರುದಾರಿ:
ಹೋಗಿ ಬಂದೆ.

ಬಾನೆಟ್ ಬಿಸಿ ಇತ್ತು. ಹೊರಗೆ ತೆಗೆದು ನಿಲ್ಲಿಸಿದೆವು ಎಂದರು. ಹೊಗೆ ಸರಿಯಿತ್ತು, ಇಂಜಿನ್ ಚೆನ್ನಾಗಿದೆ ಅನ್ನಿಸಿತು. ಸುತ್ತಿಗೆಯಲ್ಲಿ ತಟ್ಟಿದೆ, ಎಡಗಡೆ ಹಿಂದಿನ ಆಕ್ಸಲ್ ಮೇಲೆ ಒಂದು ಗೇಣು ಜಾಗದಲ್ಲಿ ದೊಪ್ ಅಂತು. ಬಣ್ಣ ಉದುರಿತು, ಒಳಗೆ ತೇಪೆ ಹಾಕಿ ವೆಲ್ಡಿಂಗ್ ಮಾಡಿದ್ದು ಕಂಡಿತು. ಮುಂದಿನ ಡಿಫರೆನ್ಷಿಯಲ್ ಆಯಿಲ್ ನೀವು ಹೇಳಿದ ಅದೇ ಹಾಲಿನ ಬಣ್ಣ. ಜಲ್ಲಿ ಗುಡ್ಡೆ ಮೇಲೆ 4ಎಲ್ ಹಾಕಿ ಹತ್ತಿಸಿದೆ. ಮುಂದಿನ ಚಕ್ರ ತಿರುಗಿತು, ಆದರೆ ಆಕ್ಸಿಲರೇಟರ್ ಒತ್ತಿದಾಗ ಲಿವರ್ ತಾನಾಗಿ ಹಾರಿ ಹೊರಗೆ ಬಂತು. ಎರಡು ಸಲ ಹಾಗೇ ಆಯಿತು.

ಎರಡನೇಕೈ:
ಬಿಟ್ಟುಬಿಡಿ ಅಣ್ಣ.

ಲೋಗೇರ್:
ಅಷ್ಟು ಬೇಗ ಬಿಡಬೇಡಿ. ಹಾಲಿನ ಬಣ್ಣ ಎಂದರೆ ನೀರಿಗಿಳಿದಾಗ ಗಾಳಿಯಾಡುವ ಬ್ರೀದರ್ ಪೈಪಿನಿಂದ ನೀರು ಎಳೆದುಕೊಂಡಿದೆ, ಅಷ್ಟೇ ಇರಬಹುದು. ಆಯಿಲ್ ಎರಡು ಸಲ ಬದಲಿಸಿ ಬ್ರೀದರ್ ಸರಿ ಮಾಡಿದರೆ ಸಾಕು. 4ಎಲ್ ಹಾರುವುದು ಲಿವರಿನ ಲಿಂಕ್ ಸಡಿಲ ಆಗಿದ್ದರೂ ಆಗುತ್ತದೆ. ಬೆಲೆ ಇಳಿಸಿ ಕೇಳಿ.

ಗ್ರೀಸ್‌ಕೈ:
ಆ ಎರಡಕ್ಕೆ ನಾನೂ ಬಿಡಿ ಎನ್ನುತ್ತಿರಲಿಲ್ಲ. ನೀರು ಎಷ್ಟು ದಿನ ಒಳಗಿತ್ತು, ಬೇರಿಂಗ್ ತಿಂದಿದೆಯಾ ಎಂದು ಬಿಚ್ಚಿ ನೋಡಬಹುದಿತ್ತು. ಆದರೆ ಚಾಸಿ ತೇಪೆ? ಅದನ್ನು ಬಣ್ಣದಿಂದ ಮುಚ್ಚಿದ್ದಾರೆ. ತುಕ್ಕಿಗೋ ಆಕ್ಸಿಡೆಂಟಿಗೋ ಗೊತ್ತಿಲ್ಲ. ಇಡೀ ಗಾಡಿ ಕೂತಿರುವುದು ಅದರ ಮೇಲೆ. ಗೇರ್‌ಬಾಕ್ಸ್ ಬದಲಿಸಬಹುದು, ಚಾಸಿ ಬದಲಿಸಲು ಹೋಗುವುದು ಯಾರಿಗೂ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಅಮ್ಮ ಅದರಲ್ಲಿ ಕೂರುತ್ತಾರೆ.

ಲೋಗೇರ್:
ತೇಪೆ ಮಾತು ನಾನು ಗಮನಿಸದೆ ಬರೆದೆ. ಹಾಗಿದ್ದರೆ ಬೇಡ.

ಕೆಸರುದಾರಿ:
ಬೇಡ ಎಂದು ಫೋನ್ ಮಾಡಿ ಹೇಳಿದೆ. ಬೆಲೆ ಇಳಿಸುತ್ತೇವೆ ಎಂದರು, ಆದರೂ ಬೇಡ ಎಂದೆ. ಹೆಂಡತಿಗೆ ಎಲ್ಲಾ ಉತ್ತರ ಓದಿ ಹೇಳಿದೆ. ಏರಿನಲ್ಲಿ ಭಾರ ಹಿಂದಕ್ಕೆ ಹೋಗುವ ವಿಷಯ ಕೇಳಿ, ಸರಿ, ಚಿಕ್ಕದು ನೋಡಿ ಎಂದಳು. ಲೋ ರೇಂಜ್ ಇರುವ ಹಗುರ ಪೆಟ್ರೋಲ್ ಗಾಡಿ ಒಂದಿದೆ, 8 ವರ್ಷದ್ದು.

ಮಳೆಹನಿ:
ಹಗುರ ಗಾಡಿಯೇ ಒಳ್ಳೆಯದು, ಕೆಸರಿನಲ್ಲಿ ಹೂತುಹೋಗುವುದೂ ಕಡಿಮೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಹೊರಗೆ ನಿಂತು ಚಕ್ರ ನೋಡಲು ಬೇಕು.

ಮಣ್ಣಿನಮನೆ:
ಚರಂಡಿ ವಿಷಯ ಕೇಳಿದಿರಾ?

ಕೆಸರುದಾರಿ:
ಮೂರು ಮನೆಯವರು ಒಪ್ಪಿದ್ದಾರೆ. ಜಾಗ ಬೇಡ ಎನ್ನುತ್ತಿದ್ದವರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಆಂಬುಲೆನ್ಸ್ ಮಾತನ್ನು ಅವರಿಗೂ ಹೇಳಿದೆ.

ಭಾನುವಾರ ಬೆಳಿಗ್ಗೆ ಗಾಡಿ ನೋಡಲು ಹೋಗುತ್ತಿದ್ದೇವೆ, ಹೆಂಡತಿಯೂ ಬರುತ್ತಾಳೆ. ಇಂಜಿನ್ ಮುಟ್ಟಬೇಡಿ ಎಂದು ಹೇಳಿದ್ದೇನೆ. ಸುತ್ತಿಗೆ ಈಗಲೇ ಕಾರಿನಲ್ಲಿ ಹಾಕಿಟ್ಟಿದ್ದೇನೆ.